ಹರಳೆಣ್ಣೆ ಕುಡಿದ ಜೀಪು

ನನ್ನ ಸೋದರಮಾವ ಚಂದಯ್ಯ ಶೆಟ್ಟಿ ಜೀಪಿಗೆ ಹರಳೆಣ್ಣೆ ಕುಡಿಸಿದವನು. ನಮ್ಮೂರು ಯಡ್ತರೆಯ ಹಳಬರ ಹತ್ತಿರ ಮಾವನ ಹೆಸರು ಹೇಳಿ ನೋಡಿ, ಮೊದಲು ನಗುತ್ತಾರೆ. ಆಮೇಲೆ ದನಿ ತಗ್ಗಿಸಿ, "ಅದೇ, ಹೊಳ್ಳರ ಮನಿ ಜೀಪಿಗೆ ಕೊಬ್ಬಿನೆಣ್ಣಿ ಹಾಕಿ ಸಿಕ್ಕಿ ಬಿದ್ನಲೆ" ಅನ್ನುತ್ತಾರೆ. ಹರಳೆಣ್ಣೆಯ ಮಾತು ನಿಜ. ಕೊಬ್ಬಿನೆಣ್ಣೆಯ ಮಾತು ಹಸಿ ಸುಳ್ಳು. ಆ ಸುಳ್ಳು ಹುಟ್ಟಿದ ಅಂಗಳದಲ್ಲಿ ನಾನೂ ನಿಂತಿದ್ದೆ. ಅದು ಯಾರ ಬಾಯಿಂದ ಬಂತೆಂದು ನೆನಪಾದಾಗಲೆಲ್ಲ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಉರಿ ತಣಿಯಲಿ ಎಂದು ಬರೆಯುತ್ತಿಲ್ಲ, ತಣಿಯುವ ಜಾತಿಯದ್ದಲ್ಲ ಅದು.

ಮಾವ ಯುದ್ಧದ ಕಾಲದಲ್ಲಿ ಮಿಲಿಟರಿ ಸೇರಿ ಬರ್ಮಾ ಗಡಿಯಲ್ಲಿ ಜೀಪು ಓಡಿಸಿದವನು. ಯುದ್ಧ ಮುಗಿದ ಮೇಲೆ ಒಂದು ಟ್ರಂಕು, ಒಂದು ಕಂಬಳಿ, ಒಂದು ಚೀಲ ಸ್ಪ್ಯಾನರು ಹೊತ್ತುಕೊಂಡು ನಮ್ಮ ಮನೆಗೆ ಬಂದ. ನಮ್ಮದು ಅಳಿಯಕಟ್ಟಿನ ಮನೆ. ಗಂಡಸರಿಗೆ ಅಕ್ಕತಂಗಿಯರ ಮನೆಯೇ ಮನೆ, ಹಾಗಾಗಿ ಅವನು ನನ್ನ ಅಮ್ಮ ಚಂದ್ರಾವತಿಯ ಜೊತೆಗೇ ಉಳಿದ. ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೆದಕಿದರೆ, "ಮಿಲಿಟರಿಯಂಗೆ ಒಂದ್ ಜೀಪ್ ಕಟ್ಕಂಡಿದ್ದೆ, ಅದೇ ಸಾಕ್" ಎಂದು ಬಾಯಿ ಮುಚ್ಚಿಸುತ್ತಿದ್ದ. ಅಮ್ಮ ಮಾತ್ರ, "ಇವ್ನ್ ಮೈಯ ಎಣ್ಣಿ ವಾಸ್ನಿಗೆ ಯಾವ ಹೆಣ್ಣ್ ಬತ್ತ್" ಎನ್ನುತ್ತಿದ್ದಳು.

ನಮ್ಮ ಮನೆಯಿಂದ ಎರಡು ಗದ್ದೆ ದಾಟಿದರೆ ಹೊಳ್ಳರ ಮನೆ. ಕೃಷ್ಣಯ್ಯ ಹೊಳ್ಳರಿಗೆ ಕೊಲ್ಲೂರು ದಾರಿಯ ಗುಡ್ಡದ ಮೇಲೆ, ಕಾಡಿನೊಳಗೆ, ಮನೆತನದ ಒಂದು ಸಣ್ಣ ಗುಡಿ ಇತ್ತು. ಪ್ರತಿ ಸಂಕ್ರಮಣಕ್ಕೆ ಮನೆಯಿಂದಲೇ ನೈವೇದ್ಯ ಅಲ್ಲಿಗೆ ಹೋಗಬೇಕು, ಇದು ಹಿರಿಯರು ಹಾಕಿದ ಕಟ್ಟು. ನಡೆದು ಹತ್ತುವುದು ಕಷ್ಟವಾದ ಮೇಲೆ ಹೊಳ್ಳರು ಮಿಲಿಟರಿಯವರು ಮಾರಿದ ಒಂದು ಹಳೆಯ ಫೋರ್ ವೀಲ್ ಜೀಪು ತರಿಸಿದರು. ಸ್ಟೇರಿಂಗು ಎಡಗಡೆ, ಮೈಯೆಲ್ಲ ಹಸಿರು ಬಣ್ಣ, ಸೀಟು ಎಂದರೆ ಗೋಣಿ. ಅದು ೧೯೫೭ರ ಸುಮಾರು. ಆಗ ಈ ಕಡೆಯ ಹೊಳೆಗಳಿಗೆಲ್ಲ ಸೇತುವೆ ಬಂದಿರಲಿಲ್ಲ. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲಿನ ಮೇಲೆ ಜೀಪು ಹೊಳೆ ದಾಟಿ ಬರುವಾಗ ಊರಿಗೆ ಊರೇ ದಂಡೆಯಲ್ಲಿ ನಿಂತಿತ್ತು. ಅದನ್ನು ಓಡಿಸಲು ಮಾವನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಹೊಳ್ಳರು ಜೀಪಿನ ಸುಖ ಹೆಚ್ಚು ಕಾಲ ಉಣ್ಣಲಿಲ್ಲ, ಎರಡನೇ ಮಳೆಗಾಲಕ್ಕೆ ತೀರಿಕೊಂಡರು. ಮನೆ, ಗುಡಿ, ಜೀಪು, ಶಾಲೆಗೆ ಹೋಗುವ ಮಗ ಪ್ರೇಮಾನಂದ, ಎಲ್ಲ ಅವರ ಹೆಂಡತಿ ಗಿರಿಜಮ್ಮನ ತಲೆಗೆ ಬಂತು.

ಮಾವನಿಗೆ ಎಣ್ಣೆಯ ಹುಚ್ಚು ಮಿಲಿಟರಿಯಿಂದಲೇ ಅಂಟಿಕೊಂಡಿತ್ತು. ಗಾಡಿಯ ಬಣ್ಣ ಸುಳ್ಳು ಹೇಳಬಹುದು, ಹೊಟ್ಟೆಯೊಳಗಿನ ಎಣ್ಣೆ ಹೇಳುವುದಿಲ್ಲ ಎನ್ನುವುದು ಅವನ ಸಿದ್ಧಾಂತ. ಎಂಜಿನಿನ ಎಣ್ಣೆ ಬೇರೆ, ಚಕ್ರ ತಿರುಗಿಸುವ ಹಲ್ಲುಗಳು ಮುಳುಗಿ ಕೂರುವ ಗೇರ್ ಎಣ್ಣೆ ಬೇರೆ. ಗೇರ್ ಬಾಕ್ಸಿಗೆ, ಅದರ ಬೆನ್ನಿಗೆ ಅಂಟಿಕೊಂಡು ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಇನ್ನೊಂದು ಬಾಕ್ಸಿಗೆ, ಹಿಂದಿನ ಆಕ್ಸಿಲಿಗೆ, ಎದುರಿನ ಆಕ್ಸಿಲಿಗೆ, ಎಲ್ಲಕ್ಕೂ ಅವನು ಹಾಕುತ್ತಿದ್ದದ್ದು ತೊಂಬತ್ತು ನಂಬರಿನದು. ಕುಂದಾಪುರದ ಗ್ಯಾರೇಜಿನವರು, ಹಳೆ ಗಾಡಿ, ಹಲ್ಲು ಸವೆದು ಊಳಿಡುತ್ತದೆ, ನೂರಾ ನಲವತ್ತು ನಂಬರಿನ ಮಂದ ಎಣ್ಣೆ ಹಾಕಿ, ಸದ್ದು ನಿಲ್ಲುತ್ತದೆ ಎಂದು ಬುದ್ಧಿ ಹೇಳಿದ್ದರು. ಮಾವ ಒಪ್ಪಲಿಲ್ಲ. ಕೂಗುವ ಮಗುವಿನ ಬಾಯಿಗೆ ಬಟ್ಟೆ ತುರುಕಿದರೆ ಹೊಟ್ಟೆನೋವು ಹೋಗುತ್ತದೆಯೇ ಎಂದು ಕೇಳಿ ಬಂದಿದ್ದ. ಮಳೆಗಾಲದಲ್ಲಿ ತೋಡಿನ ನೀರು ದಾಟಿದ ಮೇಲೆ ಎಣ್ಣೆ ತುಂಬುವ ಪ್ಲಗ್ಗು ಬಿಚ್ಚಿ ಬೆರಳು ಹಾಕುತ್ತಿದ್ದ. ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದು ಲೆಕ್ಕ, ಅಷ್ಟನ್ನೂ ಚೆಲ್ಲಿ ಹೊಸತು ತುಂಬಿಸುವವರೆಗೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಹೊಳ್ಳರ ವರ್ಷಾಂತ ಕಳೆದ ಮೇಲೆ ಒಂದು ದಿನ ಅವರ ಮನೆಗೆ ಬ್ರಹ್ಮಾವರದ ನೆಂಟರೊಬ್ಬರು ಬಂದರು. ಬೊಂಬಾಯಿ ಕಂಡವರು. ಊಟದ ಎಲೆಯ ಮುಂದೆ ಕೂತು, ಈ ಗೇರ್ ಎಣ್ಣೆಯಲ್ಲಿ ತಿಮಿಂಗಿಲದ ಕೊಬ್ಬು ಬೆರೆಸುತ್ತಾರಂತೆ, ಹಡಗಿನವರೇ ಹೇಳಿದ್ದು ಎಂದು ಒಂದು ಮಾತು ಒಗೆದರು. ಒಗೆದು ಪಾಯಸ ಸುರಿದುಕೊಂಡು ತಮ್ಮ ಪಾಡಿಗೆ ಬಸ್ಸು ಹತ್ತಿದರು. ಗಿರಿಜಮ್ಮ ಕೈಯ ಸೌಟು ಕೆಳಗಿಟ್ಟು ಮಾವನಿಗೆ ಹೇಳಿ ಕಳಿಸಿದರು.

"ಹೌದಾ ಚಂದಯ್ಯ? ಇಷ್ಟ್ ದಿನ ನಾ ಮಡಿ ಉಟ್ಕಂಡ್ ಎಂತದ್ರ್ ಮೇಲ್ ಕೂಕಂಡ್ ಹೋತಿದ್ದೆ?"

"ನಂಗ್ ಗೊತ್ತಿಲ್ಲ ಅಮ್ಮ. ಡಬ್ಬಿ ಮೇಲ್ ಕೊಬ್ಬ್ ಅಂದೇಳಿ ಬರ್ದಿರುದಿಲ್ಲ."

"ಇಲ್ಲ ಅಂದೇಳೂ ಬರ್ದಿರುದಿಲ್ಲ ಅಲ್ದಾ?"

ಗಿರಿಜಮ್ಮ ಜೀಪಿನ ಸುತ್ತ ಒಂದು ಸುತ್ತು ಬಂದರು. "ಇದಕ್ ಎಷ್ಟ್ ಹೊಟ್ಟಿ ಇತ್ತ್?"

"ನಾಲ್ಕ್. ಎದ್ರ್ ಒಂದ್, ಹಿಂದ್ ಒಂದ್, ನಡೂಕೆ ಎರಡ್."

"ದನಕ್ಕೂ ನಾಲ್ಕೇ ಅಂಬ್ರ್. ಹಾಂಗಾರೆ ಇದೂ ದನದ ಜಾತಿಯೇ. ದನಕ್ಕೆ ಕೊಬ್ಬ್ ತಿನ್ಸೂಕಾತ್ತಾ?"

ಈ ತರ್ಕಕ್ಕೆ ಯಾವ ವಕೀಲನೂ ಉತ್ತರ ಹೇಳಲಾರ. ಹಾಗಾದರೆ ಏನು ಹಾಕಬೇಕು? ತೆಂಗಿನೆಣ್ಣೆ ತೀರಾ ತೆಳು, ಚಳಿಗೆ ಗಟ್ಟಿಯಾಗುತ್ತದೆ. ಎಳ್ಳೆಣ್ಣೆಗೂ ಮೈಯಿಲ್ಲ. ಗಿರಿಜಮ್ಮ ಒಳಗಿನಿಂದ ಒಂದು ಕುಡಿಕೆಯಲ್ಲಿ ಹರಳೆಣ್ಣೆ ತಂದಿಟ್ಟರು. ಅದು ಅವರೇ ತೆಗೆದದ್ದು. ಹಿತ್ತಲಿನ ಹರಳು ಒಣಗಿಸಿ, ಹದವಾಗಿ ಹುರಿದು, ಒರಳಿನಲ್ಲಿ ಕುಟ್ಟಿ, ದೊಡ್ಡ ಹಂಡೆಯ ನೀರಿನಲ್ಲಿ ಕುದಿಸಿದರೆ ಎಣ್ಣೆ ಮೇಲೆ ತೇಲುತ್ತದೆ. ಅದನ್ನು ಸೌಟಿನಲ್ಲಿ ತೆಗೆದು ಮತ್ತೆ ಕಾಸಿ ನೀರು ಹಾರಿಸಬೇಕು. ಬೈಂದೂರಿನಿಂದ ಶಿರೂರಿನವರೆಗೆ ಬಾಣಂತಿಯಿರುವ ಮನೆಯವರು ಗಿರಿಜಮ್ಮನ ಹರಳೆಣ್ಣೆಯನ್ನೇ ಹುಡುಕಿ ಬರುತ್ತಿದ್ದರು. ಮಾವ ಎರಡು ಬೆರಳ ನಡುವೆ ತಿಕ್ಕಿ ನೋಡಿದ, ಎಲೆಯ ಮೇಲೆ ಬಿಟ್ಟು ಅದರ ನೂಲು ಎಷ್ಟು ಉದ್ದ ಬರುತ್ತದೆಂದು ನೋಡಿದ. ದಪ್ಪ ತೊಂಬತ್ತರ ಹತ್ತಿರ ಹತ್ತಿರವೇ ಇತ್ತು.

"ಹಾಕೂಕ್ ಆತ್ತ್ ಅಮ್ಮ. ಆರೆ ಇದ್ ಕಾಯ್ದ್ ಕಾಯ್ದ್ ಅಂಟ್ ಆತ್ತ್. ತಿಂಗ್ಳಿಗೊಂದ್ ಸಲ ಪೂರಾ ಬಿಚ್ಚಿ, ಸೀಮೆಎಣ್ಣಿಯಂಗೆ ತೊಳ್ದ್, ಹೊಸತ್ ಹಾಕ್ಕ್."

"ನಿಂಗ್ ಕಷ್ಟ ಆತ್ತಾ?"

"ಕಷ್ಟ ಎಂತದ್? ಎಣ್ಣಿ ನಿಮ್ದ್, ಮೈ ನಂದ್."

ಅದಷ್ಟೇ ಸಾಲದೆಂದು ಗಿರಿಜಮ್ಮ ಅವನನ್ನು ಚಾವಡಿಯ ದೀಪದ ಮುಂದೆ ನಿಲ್ಲಿಸಿದರು. ಮಾವ ಕೈ ಮುಂದೆ ಮಾಡಿ, ನನ್ನ ಕೈಯಿಂದ ಈ ಗಾಡಿಗೆ ಪೇಟೆಯ ಕರಿ ಗೇರ್ ಎಣ್ಣೆ ಬೀಳುವುದಿಲ್ಲ ಎಂದು ಮಾತು ಕೊಟ್ಟ. ಅವನಿಗೆ ಹೊಲವಿಲ್ಲ, ಮನೆಯಿಲ್ಲ, ಹೆಂಡತಿ ಮಕ್ಕಳಿಲ್ಲ. ಚಂದಯ್ಯ ಹೇಳಿದರೆ ಹೇಳಿದ ಹಾಗೆಯೇ ಎನ್ನುವ ಒಂದು ಹೆಸರು ಮಾತ್ರ ಇತ್ತು. ಅದನ್ನು ತೆಗೆದು ಆ ದೀಪದ ಎದುರು ಇಟ್ಟುಬಿಟ್ಟ.

ಊರಿಗೆ ನಗಲು ಒಂದು ವಿಷಯ ಸಿಕ್ಕಿತು. ಹರಳೆಣ್ಣೆ ಕುಡಿದ ಜೀಪು ಘಟ್ಟ ಹತ್ತುವುದಿಲ್ಲ, ಚೊಂಬು ಹಿಡಿದು ಗುಡ್ಡೆಗೆ ಓಡುತ್ತದೆ ಎಂದರು. ಚಳಿಗಾಲದ ಬೆಳಿಗ್ಗೆ ಹರಳೆಣ್ಣೆ ಮಂದವಾಗಿ ಗೇರು ಬೀಳುತ್ತಿರಲಿಲ್ಲ. ಮಾವ ಒಡಕು ಮಡಕೆಯಲ್ಲಿ ತೆಂಗಿನ ಗೆರಟೆಯ ಕೆಂಡ ಮಾಡಿ ಗೇರ್ ಬಾಕ್ಸಿನ ಅಡಿಗೆ ಇಡುತ್ತಿದ್ದ. ಹರಳೆಣ್ಣೆಯ ಜೊತೆಗೆ ಬಾಣಂತಿಯ ಮಂಚದಡಿಯ ಹಾಗೆ ಕೆಂಡವೂ! ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಕಂಡ ಕೂಡಲೇ, "ಹ್ವಾಯ್ ಚಂದಯ್ಯಣ್ಣ, ಬಾಣಂತಿ ಹ್ಯಾಂಗಿತ್ತ್?" ಎಂದು ಕೇಳುವುದು ರೂಢಿಯಾಯಿತು. ಮಾವ ಸಿಟ್ಟಾಗದೆ, "ತಾಯಿ ಮಗು ಎರಡೂ ಸುಖ" ಎನ್ನುತ್ತಿದ್ದ.

ತಿಂಗಳು ತಿಂಗಳು ಸಂಕ್ರಮಣದ ಹಿಂದಿನ ದಿನ ಅವನು ಜೀಪಿನ ಅಡಿ ಮಲಗಿದರೆ ಸಂಜೆಯೇ ಏಳುವುದು. ಅಂಟು ಹಿಡಿದ ಹಳೆ ಎಣ್ಣೆ ನಮ್ಮ ಎತ್ತಿನ ಗಾಡಿಯ ಅಚ್ಚಿಗೆ, ಹಟ್ಟಿಯ ದೀಪಕ್ಕೆ ಆಗುತ್ತಿತ್ತು. ಹೊಸ ಎಣ್ಣೆ ಗಿರಿಜಮ್ಮನ ಮನೆಯಿಂದ ತಗಡಿನ ಡಬ್ಬಿಯಲ್ಲಿ ಬರುತ್ತಿತ್ತು. ಬಂದ ಪಾತ್ರೆಯನ್ನು ಖಾಲಿ ಕಳಿಸುವುದು ನಮ್ಮ ಕಡೆ ಇಲ್ಲ. ಮಾವ ಆ ಡಬ್ಬಿಯನ್ನು ಸೀಗೆಪುಡಿ ಹಾಕಿ ತೊಳೆದು, ಒಳಗೆ ಹರಿವೆ ಸೊಪ್ಪೋ, ನಾಲ್ಕು ಬದನೆಕಾಯಿಯೋ, ಏನೂ ಇಲ್ಲದ ದಿನ ಒಂದು ಹಿಡಿ ಅಬ್ಬಲಿಗೆ ಹೂವೋ ಇಟ್ಟೇ ವಾಪಸು ಮಾಡುತ್ತಿದ್ದ. ಒಮ್ಮೆ ಜ್ವರದಲ್ಲಿ ಮಲಗಿದ್ದಾಗಲೂ ಎದ್ದು ಕೂತು, ಡಬ್ಬಿಗೆ ಏನು ಹಾಕಿದಿರಿ ಎಂದು ಅಮ್ಮನನ್ನು ಕೇಳಿದ್ದ. ಗಿರಿಜಮ್ಮನೂ ಕಂಡಕಂಡವರ ಹತ್ತಿರ, "ಚಂದಯ್ಯ ನಂಗ್ ದೊಡ್ಡ ಮಗ ಇದ್ದಾಂಗೆ" ಎಂದು ಹೇಳಿಕೊಳ್ಳುತ್ತಿದ್ದರು. ಅದನ್ನು ನಾನು ಕಿವಿಯಾರೆ ಕೇಳಿದ್ದೇನೆ, ಅದಕ್ಕೇ ಇಷ್ಟು ಉರಿ.

ಹೆತ್ತ ಮಗ ಪ್ರೇಮಾನಂದನಿಗೆ ಜೀಪು ಓಡಿಸಲು ಕಲಿಸಿದ್ದೂ ಮಾವನೇ. ಹುಡುಗ ಬುದ್ಧಿವಂತ, ಕ್ಲಚ್ಚು ಗೇರು ಬೇಗ ಹಿಡಿದ. ಮಾವ ಅವನನ್ನು ಮಾಣಿ ಎಂದೇ ಕರೆಯುತ್ತಿದ್ದ, ಅವನು ಇವನನ್ನು ಚಂದಯ್ಯಣ್ಣ ಎನ್ನುತ್ತಿದ್ದ. ಕಲಿಸುವಾಗ ಮಾವ ಮತ್ತೆ ಮತ್ತೆ ಹೇಳಿದ ಒಂದು ಪಾಠ ಇತ್ತು.

"ಕಾಣ್ ಮಾಣಿ, ಎಣ್ಣಿ ಕಮ್ಮಿ ಆರೆ ಗಾಡಿ ನಿಲ್ಸ್. ಪೇಟಿಯ ಕರಿ ಎಣ್ಣಿ ಮಾತ್ರ ಇದ್ರಂಗೆ ಹಾಕ್ಬೇಡ. ಆಣಿ ಮಾತ್ ಒಂದ್ಕಡಿಗಿರ್ಲಿ. ಆ ಎಣ್ಣಿ, ಈ ಎಣ್ಣಿ ಒಂದ್ ಹೊಟ್ಟಿಯಂಗೆ ಕೂಡೂದಿಲ್ಲ. ಹಾಲಿಗ್ ಹುಳಿ ಹಿಂಡ್ದಾಂಗೆ ಒಡೀತ್ತ್, ಹಲ್ಲಿಗೆ ಅಂಟ್ ಕಟ್ಟತ್ತ್."

"ಗೊತ್ತಾಯ್ತ್ ಚಂದಯ್ಯಣ್ಣ" ಎಂದಿದ್ದ ಮಾಣಿ.

೧೯೬೬ರ ಮಳೆಗಾಲ ಮುಗಿದ ಮೇಲೆ ಗೇರ್ ಬಾಕ್ಸಿನ ಒಂದು ಸೀಲು ಹೋಗಿ ಎಣ್ಣೆ ಜಿನುಗಲು ಶುರುವಾಯಿತು. ಅದೇ ಹೊತ್ತಿಗೆ ಶಿರೂರಿನಲ್ಲಿ ನಮ್ಮ ಹತ್ತಿರದ ನೆಂಟರೊಬ್ಬರು ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜಕ್ಕೆಂದು ಹೊರಟ ಮಾವ ಹೊಳ್ಳರ ಮನೆಗೆ ಹೋಗಿ, ಜೀಪು ತೆಗೆಯಬೇಡಿ, ಎಣ್ಣೆ ಕಮ್ಮಿಯಿದೆ, ಡಬ್ಬಿಯೂ ಖಾಲಿ ಎಂದು ಹೇಳಿದ. ಗಿರಿಜಮ್ಮ ಅಂಗಳದ ಚಾಪೆಯ ಮೇಲೆ ಹರಳು ಹರಡುತ್ತಿದ್ದರು. ಮನೆಯಲ್ಲೂ ಒಂದು ಹನಿ ಇಲ್ಲ, ಇದು ಒಣಗಬೇಕು, ಸಂಕ್ರಮಣ ಕಳೆದೇ ಎಣ್ಣೆ ತೆಗೆಯುವುದು ಎಂದು ಅವರೇ ಅಂದರು. ಇದ್ದಷ್ಟರಲ್ಲಿ ಸಂಕ್ರಮಣದ ಗುಡ್ಡ ಒಂದು ಹತ್ತಿಸಬಹುದು, ಬೇರೆ ಓಡಾಟ ಬೇಡ ಎಂದು ಮಾವ ಮಾಣಿಗೂ ಹೇಳಿ ಹೋದ.

ಮಾವ ಶಿರೂರಿಗೆ ಹೋದದ್ದೇ ತಡ, ಮಾಣಿ ಸ್ನೇಹಿತರನ್ನು ಕೂರಿಸಿಕೊಂಡು ಬ್ರಹ್ಮಾವರದವರೆಗೆ ಜೀಪು ಓಡಿಸಿದ. ಬೊಜ್ಜ ಮುಗಿಸಿ ಬಂದ ಮಾವ ಟಯರಿನ ಕೆಮ್ಮಣ್ಣು ನೋಡಿಯೇ ಕೇಳಿದ.

"ಎಣ್ಣಿ ಎಂತ ಮಾಡ್ದೆ ಮಾಣಿ?"

"ಅಮ್ಮ ಒಂದ್ ಬಾಟ್ಲಿ ಕೊಟ್ರ್ ಚಂದಯ್ಯಣ್ಣ, ಒಳ್ಗೆಲ್ಲೋ ಇತ್ತಂಬ್ರ್. ನಾನೇ ಹಾಕ್ದೆ."

ಯಾರು ಏನು ಹೇಳಿದರೂ ಪ್ಲಗ್ಗು ಬಿಚ್ಚಿ ಬೆರಳು ಹಾಕಿ ನೋಡುವ ನನ್ನ ಮಾವ ಆ ಸಲ ಬಿಚ್ಚಲಿಲ್ಲ. ತಾನೇ ಸ್ಟೇರಿಂಗು ಹಿಡಿಸಿದ ಹುಡುಗ ತನಗೆ ಸುಳ್ಳು ಹೇಳುತ್ತಾನೆಂದು ಅವನಿಗೆ ಹೊಳೆಯಲೇ ಇಲ್ಲ. ಮರುದಿನ ಸಂಕ್ರಮಣ.

ಆ ಸಂಕ್ರಮಣಕ್ಕೆ ಹೊಳ್ಳರ ಮನೆಗೆ ಕೋಟೇಶ್ವರದಿಂದ ಗಂಡ ಹೆಂಡತಿ ಬಂದಿದ್ದರು. ಪ್ರೇಮಾನಂದನಿಗೆ ಮಗಳನ್ನು ಕೊಡುವ ಮಾತುಕತೆ ಅರ್ಧಕ್ಕೆ ಬಂದಿತ್ತು. ಭಾರೀ ಮಡಿವಂತರು, ಮನೆತನ ನೋಡಲು ಬಂದವರು, ಗುಡಿಯನ್ನೂ ನೋಡೋಣ ಎಂದು ಜೀಪು ಹತ್ತಿದರು. ಮುಂದೆ ಗಿರಿಜಮ್ಮ ನೈವೇದ್ಯದ ಪಾತ್ರೆ ಮಡಿಲಲ್ಲಿಟ್ಟು ಕೂತರು, ಪ್ರೇಮಾನಂದ ಮನೆಯಲ್ಲೇ ಉಳಿದ. ಗುಡ್ಡದ ಅಡಿಯವರೆಗೆ ಎಲ್ಲ ಸರಿಯಿತ್ತು. ಏರು ಶುರುವಾದಾಗ ಮಾವ ಫೋರ್ ವೀಲ್ ಹಾಕಿದ. ಅರ್ಧ ಏರಿನಲ್ಲಿ ಗೇರ್ ಬಾಕ್ಸು ಹಿಂದೆಂದೂ ಮಾಡದ ಸದ್ದು ಮಾಡಿತು, ಒಂದು ಸಲ ಜಗ್ಗಿತು, ನಿಂತೇ ಹೋಯಿತು. ಗೇರು ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಬಂಡೆಗಳ ಆ ದಾರಿಯಲ್ಲಿ ಗಿರಿಜಮ್ಮನಿಗೂ ಕೋಟೇಶ್ವರದವರಿಗೂ ನಡೆಯಲಾಗಲಿಲ್ಲ. ಮಡಿಯಲ್ಲಿಲ್ಲದ ಮಾವ ನೈವೇದ್ಯ ಮುಟ್ಟುವಂತಿಲ್ಲ. ಹೊತ್ತು ಮೀರಿತು. ಎಷ್ಟೋ ತಲೆಮಾರಿನಿಂದ ತಪ್ಪದ ನೈವೇದ್ಯ ಆ ದಿನ ತಪ್ಪಿತು. ಗಿರಿಜಮ್ಮ ದಾರಿಯ ಬದಿಯಲ್ಲಿ ಕೂತು ಅತ್ತದ್ದನ್ನು ಮಾವನೇ ನನಗೆ ಹೇಳಿದ್ದಾನೆ, ಆ ಕಣ್ಣೀರು ಮಾತ್ರ ಸುಳ್ಳಲ್ಲ ಎಂದೂ ಹೇಳಿದ್ದಾನೆ.

ಸಂಜೆ ಹೊತ್ತಿಗೆ ಎರಡು ಜೊತೆ ಕೋಣ ಕಟ್ಟಿ ಜೀಪನ್ನು ಅಂಗಳಕ್ಕೆ ಎಳೆದು ತಂದರು. ನಾನು ಆಗಷ್ಟೇ ಖಾಲಿ ಡಬ್ಬಿಯಲ್ಲಿ ಬದನೆಕಾಯಿ ಹಾಕಿಕೊಂಡು ಅಲ್ಲಿಗೆ ಹೋಗಿದ್ದೆ, ಮಾವನೇ ಕೊಟ್ಟು ಬಾ ಎಂದಿದ್ದ. ಕೋಟೇಶ್ವರದವರು ಜಗಲಿಯಲ್ಲಿ ಕೂತಿದ್ದರು. ಪ್ರೇಮಾನಂದ ಕಂಬಕ್ಕೆ ಒರಗಿದ್ದ. ಮಾವ ಹಟ್ಟಿಯಿಂದ ಒಂದು ಹಳೆ ಬಾಣಲೆ ತಂದು ಗೇರ್ ಬಾಕ್ಸಿನ ಅಡಿಗಿಟ್ಟು ಪ್ಲಗ್ಗು ಬಿಚ್ಚಿದ. ಮೊದಲು ಹರಳೆಣ್ಣೆ ಬಂತು. ಅದರ ಹಿಂದೆ ಮೊಸರಿನ ಗಡ್ಡೆಯ ಹಾಗೆ ಅಂಟು ಅಂಟು, ಕೊನೆಗೆ ಪೇಟೆಯ ಕರಿ ಎಣ್ಣೆ. ಬಾಣಲೆಯಲ್ಲಿ ಅದು ನೋಡ ನೋಡುತ್ತ ಬೇರೆಯಾಯಿತು, ಹಳದಿ ಅಡಿಯಲ್ಲಿ, ಕರಿ ಮೇಲೆ. ಗಂಧಕದಂಥ ನಾತ ಅಂಗಳಕ್ಕೆಲ್ಲ ಹಬ್ಬಿತು. ಜಗಲಿಯಲ್ಲಿದ್ದ ಕೋಟೇಶ್ವರದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದೆಂತ ಗಿರಿಜಕ್ಕ? ನಿಮ್ ಜೀಪಿಗ್ ಹರಳೆಣ್ಣಿ ಬಿಟ್ ಬೇರೆ ಹಾಕೂದಿಲ್ಲ ಅಂದಿದ್ರಿ?" ಎಂದರು.

ಗಿರಿಜಮ್ಮ ಬಂದು ಬಾಣಲೆಯ ಹತ್ತಿರ ನಿಂತರು.

"ಚಂದಯ್ಯ, ಇದೆಂತದ್?"

"ಕರಿ ಎಣ್ಣಿ ಅಮ್ಮ. ನಾ ಹಾಕ್ಲಿಲ್ಲ. ಮಾಣಿ ಹತ್ರ ಕೇಣಿ."

ಮಾಣಿ ತೆಂಗಿನ ಮರದ ತುದಿ ನೋಡುತ್ತ ಹೇಳಿದ. "ನಂಗೆಂತ ಗೊತ್ತ್? ಜೀಪಿನ್ ಎಣ್ಣಿ ಕಾಂಬುದ್ ಶೆಟ್ರ್ ಅಲ್ದಾ? ನಾ ಅಮ್ಮ ಕೊಟ್ಟ್ ಹರಳೆಣ್ಣಿ ಹಾಕಿದ್ದ್."

ನಿನ್ನೆಯವರೆಗೆ ಚಂದಯ್ಯಣ್ಣ ಆಗಿದ್ದವನು ಆ ಗಳಿಗೆಯಲ್ಲಿ ಶೆಟ್ರಾಗಿ ಹೋದ. ಮಾವ ಅದನ್ನು ಹಚ್ಚಿಕೊಳ್ಳಲಿಲ್ಲ. ಅವನಿಗೆ ಇನ್ನೂ ಧೈರ್ಯವಿತ್ತು, ಯಾಕೆಂದರೆ ಸತ್ಯ ಹೇಳಬೇಕಾದವರು ಗಿರಿಜಮ್ಮ.

"ಅಮ್ಮ, ನೀವ್ ಹೇಳಿ. ನಾ ಶಿರೂರಿಗ್ ಹೋದಾಗ ಮಾಣಿಗೆ ನೀವ್ ಹರಳೆಣ್ಣಿ ಕೊಟ್ರ್ಯಾ?"

ಕೊಡಲಿಲ್ಲ ಎಂದರೆ ಮಗ ಸಿಕ್ಕಿಬೀಳುತ್ತಾನೆ. ಹೆತ್ತ ತಾಯಿಯನ್ನೂ ದೇವರ ನೈವೇದ್ಯವನ್ನೂ ಕೊಬ್ಬಿನೆಣ್ಣೆಯ ಮೇಲೆ ಕೂರಿಸಿದವನಿಗೆ ಆ ಮಡಿವಂತರು ಹೆಣ್ಣು ಕೊಡುವುದು ಅಷ್ಟರಲ್ಲೇ ಇತ್ತು. ಕೊಟ್ಟೆ ಎಂದರೆ ಮಾವ ಕೆಟ್ಟ. ಅಂಗಳದ ಆ ಬದಿಯಲ್ಲಿ ಚಾಪೆಯ ಮೇಲೆ ಹರಳು ಹಾಗೆಯೇ ಒಣಗುತ್ತಿತ್ತು, ಒಂದು ಕಾಳೂ ಒರಳಿಗೆ ಬಿದ್ದಿರಲಿಲ್ಲ. ಮಾವ ಆ ಚಾಪೆ ನೋಡಿದ. ಗಿರಿಜಮ್ಮನೂ ನೋಡಿದರು.

"ಕೊಟ್ಟಿದ್ದ್ ಹೌದ್" ಎಂದರು ಗಿರಿಜಮ್ಮ. "ನೀ ಹೀಂಗ್ ಮಾಡ್ಬಾರ್ದಿತ್ತ್ ಚಂದಯ್ಯ. ದೀಪದ್ ಎದ್ರ್ ಮಾತ್ ಕೊಟ್ಟಿದ್ದೆ."

ನನಗೆ ಮೈಯೆಲ್ಲ ಬೆಂಕಿ ಬಿತ್ತು. "ಸುಳ್ಳ್ ಯಾಕ್ ಹೇಳ್ತ್ರಿ ಅಮ್ಮ? ಹರಳ್ ಇನ್ನೂ ಚಾಪಿ ಮೇಲೇ ಇತ್ತಲೆ!" ಎಂದು ಕೂಗಿಯೇಬಿಟ್ಟೆ. ಜಗಲಿಯ ಮೇಲಿಂದ ಕೋಟೇಶ್ವರದ ಗಂಡಸು, ದೊಡ್ಡವರ ನಡುವೆ ಈ ಹೆಣ್ಣು ಯಾರು ಎಂದು ಗದರಿದರು. ಮಾವ ನನ್ನ ಭುಜದ ಮೇಲೆ ಕೈಯಿಟ್ಟು, "ಸುಮ್ನಿರ್ ಕುಸುಮ" ಎಂದ. ಜೀಪಿನ ಕೀಲಿಕೈ ತೆಗೆದು ತುಳಸಿಕಟ್ಟೆಯ ಮೇಲಿಟ್ಟ. ಬಾಣಲೆ ಅಲ್ಲೇ ಇತ್ತು. ಅಡಿಯಲ್ಲಿ ಗಿರಿಜಮ್ಮನ ಎಣ್ಣೆ, ಮೇಲೆ ಅವರ ಮಗನದು. ಅದನ್ನು ಬಗ್ಗಿ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ.

ಗದ್ದೆಯ ಅಂಚಿನಲ್ಲಿ ನಡೆಯುತ್ತ ನಾನು ಅಳುತ್ತಿದ್ದೆ, ಬೈಯುತ್ತಲೂ ಇದ್ದೆ. ಮಾವ ಮೊದಲ ಗದ್ದೆ ದಾಟಿದ. ಆಮೇಲೆ ಅಂದ.

"ಮಾಣಿ ಸುಳ್ಳ್ ಹೇಳ್ದ, ಹೆದ್ರಿ ಹೇಳ್ದ. ಅದ್ ಬಿಡ್. ಅಮ್ಮ ಒಂಚೂರೂ ತಡ ಮಾಡ್ಲಿಲ್ಲ ಕಾಣ್ ಹೆಣ್ಣೆ. ಚಾಪಿ ಕಂಡ್ರ್, ನನ್ ಮುಖ ಕಂಡ್ರ್, ಹೇಳಿಬಿಟ್ರ್."

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಅಮ್ಮ ಸಮಾಧಾನ ಹೇಳಿದಳು. ಮುದ್ದು ಮಾಡಲಿ, ಯಾರು ಬೇಡ ಎಂದರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಲ್ಲ, ಅದು ಯಾವ ಮಡಿ? ದೊಡ್ಡ ಮಗ ಎಂದು ಊರಿಡೀ ಸಾರಿದವರಿಗೆ ಬಲಿ ಕೊಡುವ ಹೊತ್ತಿಗೆ ಸಿಕ್ಕಿದ್ದೂ ಆ ದೊಡ್ಡ ಮಗನೇ. ನಾನು ಈ ಮಾತು ಅಂದಾಗೆಲ್ಲ ಅಮ್ಮ ಬಾಗಿಲು ಮುಚ್ಚುತ್ತಿದ್ದಳು.

ಪ್ರೇಮಾನಂದನ ಮದುವೆ ಆಯಿತು. ಅವನು ಬೊಂಬಾಯಿಗೆ ಹೋಗಿ ನೆಂಟರ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತ. ಜೀಪನ್ನು ಯಾರೂ ರಿಪೇರಿ ಮಾಡಲಿಲ್ಲ, ಹಟ್ಟಿಯ ಹಿಂದೆ ಅದರ ಮೇಲೆ ಹೀರೆಬಳ್ಳಿ ಹಬ್ಬಿತು. ನೈವೇದ್ಯವನ್ನು ಭಟ್ಟರೊಬ್ಬರು ಹೊತ್ತುಕೊಂಡು ಹೋಗತೊಡಗಿದರು. ಮಾವನಿಗೆ ಮಾತ್ರ ಊರಿನಲ್ಲಿ ಸ್ಟೇರಿಂಗು ಸಿಗಲಿಲ್ಲ. ಕೊಲ್ಲೂರಿಗೆ ಯಾತ್ರಿಕರನ್ನು ಒಯ್ಯುವ ಬಾಡಿಗೆ ಕಾರು ಬೈಂದೂರಿನಲ್ಲಿ ಎರಡಿದ್ದವು. ಎರಡೂ ಮಾಲೀಕರು ಮರ್ಯಾದೆಯಿಂದಲೇ, ಬೇಡ ಶೆಟ್ರೆ, ಜನ ಮಾತಾಡುತ್ತಾರೆ ಎಂದರು. ಬಾಣಂತಿ ಹೇಗಿದೆ ಎಂದು ಕೇಳುತ್ತಿದ್ದವರು ಈಗ ಅವನು ಬಂದರೆ ಬೀಡಿ ಆರಿಸಿ ಎದ್ದು ಹೋಗುತ್ತಿದ್ದರು. ಕೊನೆಗೆ ಶಿರೂರಿನ ಕಡೆ ಒಂದು ಸೌದೆ ಲಾರಿ ಸಿಕ್ಕಿತು. ಸೌದೆಗೆ ಮಡಿ ಮೈಲಿಗೆ ಇಲ್ಲ. ಲಾರಿಯ ಗೇರ್ ಬಾಕ್ಸಿಗೆ ತೊಂಬತ್ತು ನಂಬರಿನ ಕರಿ ಎಣ್ಣೆಯನ್ನು ಅವನೇ ಹಾಕಿದನಂತೆ. ಸುಳ್ಳು ಅಪವಾದ ಹೊತ್ತ ಮೇಲೆ ನಿಜವಾಗಿ ಆ ಎಣ್ಣೆ ಮುಟ್ಟಿದ್ದು ಅಂದೇ ಎಂದು ಒಂದು ಸಲ ನಕ್ಕು ಹೇಳಿದ್ದ. ನನಗೆ ನಗು ಬರಲಿಲ್ಲ.

ನನ್ನ ಮದುವೆಯಾಗಿ, ೧೯೭೦ರಲ್ಲಿ ಹೆರಿಗೆಗೆ ಅಮ್ಮನ ಮನೆಗೆ ಬಂದೆ. ಹೆಣ್ಣು ಮಗು. ಅಳಿಯಕಟ್ಟಿನ ಮನೆಯಲ್ಲಿ ಹೆಣ್ಣು ಹುಟ್ಟಿದರೆ ಸಂಸಾರ ಬೆಳೆಯಿತು ಎಂದು ಲೆಕ್ಕ, ಮಾವನ ಕಾಲು ನೆಲದ ಮೇಲಿರಲಿಲ್ಲ. ಮಗುವಿಗೆ ಹಚ್ಚಿ ಮೀಯಿಸಲು ಹರಳೆಣ್ಣೆ ಪೇಟೆಯಿಂದ ತಂದರೆ ಅದಕ್ಕೆ ಕಮಟು ವಾಸನೆ. ಅಮ್ಮ ಮುಖ ಸಿಂಡರಿಸಿದಳು, ಆದರೆ ಹೊಳ್ಳರ ಮನೆಯ ಹೆಸರು ಎತ್ತಲಿಲ್ಲ. ಮರುದಿನ ಹೊಳ್ಳರ ಮನೆಯ ಆಳು ಸೂರ ನಮ್ಮ ಅಂಗಳಕ್ಕೆ ಬಂದ. ಕೈಯಲ್ಲಿ ಒಂದು ದೊಡ್ಡ ಬಾಟ್ಲಿ, ಬಾಯಿಗೆ ಬಾಳೆ ನಾರಿನ ಬೆಣೆ. ಗಿರಿಜಮ್ಮನ ಹರಳೆಣ್ಣೆ.

ಮಾವ ಜಗಲಿಯಲ್ಲಿ ಕೂತಿದ್ದ. ಸೂರ ಆಚೀಚೆ ನೋಡಿ ದನಿ ತಗ್ಗಿಸಿದ.

"ಅಮ್ಮ ಹೇಳಿ ಕಳ್ಸಿದ್ರ್ ಶೆಟ್ರೆ. ಆವತ್ತ್ ಅವ್ರಿಗೆ ಗೊತ್ತಿತ್ತಂಬ್ರ್. ನೀವ್ ಹಾಕ್ಲಿಲ್ಲ ಅಂದೇಳಿ ಗೊತ್ತಿತ್ತಂಬ್ರ್. ಮನ್ಸಿಗ್ ಸಮಾಧಾನ ಇಲ್ಲ, ಮೈಗೂ ಹುಷಾರಿಲ್ಲ. ಒಂದ್ ಸಲ ಬಂದ್ ಹೋಯ್ಕಂಬ್ರ್."

ನಾನು ಒಳಗೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೇಳಿಸಿಕೊಳ್ಳುತ್ತಿದ್ದೆ. ಹೋಗಿಬಿಡುತ್ತಾನೋ, ಒಂದು ಮಾತಿಗೆ ಕರಗಿಬಿಡುತ್ತಾನೋ ಎಂದು ಹೆದರಿಕೆ. ಮಾವ ಬಾಟ್ಲಿ ತೆಗೆದುಕೊಂಡ. ಬೆಣೆ ಬಿಚ್ಚಿ ಮೂಸಿದ. ಎರಡು ಬೆರಳಿಗೆ ಒಂದು ಹನಿ ಹಾಕಿ ತಿಕ್ಕಿ, ಬೆರಳು ಅಗಲಿಸಿ ನೂಲು ನೋಡಿದ.

"ಶುದ್ಧ ಇತ್ತ್" ಎಂದ. "ಅವ್ರ್ ಎಣ್ಣಿಯಂಗೆ ಯಾವತ್ತೂ ಮೋಸ ಇಲ್ಲ."

"ಅಮ್ಮನ ಹತ್ರ ಎಂತ ಹೇಳ್ಲಿ?" ಎಂದು ಸೂರ ಕೇಳಿದ.

"ಹತ್ತ್ ಜನ್ರ್ ಎದ್ರ್ ಅಂಗಳ್ದಂಗೆ ಹೇಳಿದ್ ಮಾತ್ನ ನಿನ್ ಕಿವಿಯಂಗೆ ವಾಪಾಸ್ ತಕಂಬುಕ್ ಆತ್ತಾ ಸೂರ? ನೀನೇ ಹೇಳ್."

ಮಾವ ಒಳಗೆ ಬಂದು ಎಣ್ಣೆಯನ್ನು ನಮ್ಮ ಕಂಚಿನ ತಂಬಿಗೆಗೆ ಹನಿಯೂ ಬಿಡದೆ ಬಗ್ಗಿಸಿದ. "ಮಗುಗ್ ಹಚ್ಚಿ, ಅದಕ್ಕೆಂತ ಗೊತ್ತ್" ಎಂದು ಅಮ್ಮನ ಕೈಗೆ ಕೊಟ್ಟ. ಅಮ್ಮ ಬಾಟ್ಲಿಯನ್ನು ತೊಳೆದು, ಅಭ್ಯಾಸಬಲದಿಂದ ಅದರ ಕೊರಳಿಗೆ ನಾಲ್ಕು ವೀಳ್ಯದೆಲೆ ಸುತ್ತಿ ಬಾಳೆನಾರಿನಲ್ಲಿ ಕಟ್ಟಿ ತಂದಳು. ಮಾವ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ನಾರು ಬಿಚ್ಚಿ, ಎಲೆ ನಾಲ್ಕನ್ನೂ ಜಗಲಿಯ ಮೇಲಿಟ್ಟ. ಬಾಟ್ಲಿಯನ್ನು ಸೂರನಿಗೆ ಕೊಟ್ಟ.

"ಖಾಲಿಯಾ ಶೆಟ್ರೆ?" ಸೂರ ನಂಬದೆ ಕೇಳಿದ.

"ಹೌದ್" ಎಂದ ಮಾವ.

ಆಮೇಲೆ ಸೂರನೇ ನಮ್ಮ ಅಮ್ಮನ ಹತ್ತಿರ ಹೇಳಿದ್ದು. ಗಿರಿಜಮ್ಮ ಬಾಟ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರಂತೆ. ಏನೂ ಕಾಣಲಿಲ್ಲ. ಬೋರಲು ಹಾಕಿ, ಅಂಗೈ ಒಡ್ಡಿ, ಎರಡು ಸಲ ಅಲ್ಲಾಡಿಸಿದರಂತೆ.